ಎರಡು ಪರ್ಫ್ಯೂಮ್, ಒಂದೇ ಬಜೆಟ್: ಆಫೀಸಿನ ತಾಜಾ ಘಮವೋ, ಆರತಕ್ಷತೆಯ ಗಾಢ ಘಮವೋ? ಆರಿಸುವ ಕ್ರಮ ಹೀಗೆ

ಮಾಲ್‌ನ ಕೌಂಟರಿನಲ್ಲಿ ಎರಡು ಬಾಟಲಿ ಮೂಸಿ, ಹತ್ತು ನಿಮಿಷದಲ್ಲಿ ಒಂದಕ್ಕೆ ಬಿಲ್ ಮಾಡಿಸಿ, ತಿಂಗಳೊಳಗೆ ಅದನ್ನು ಬೀರುವಿನ ಹಿಂದಕ್ಕೆ ತಳ್ಳುವವರು ಬಹಳ ಜನ. ಅವರ ಮೂಗಿನಲ್ಲೇನೂ ದೋಷವಿಲ್ಲ, ಕೆಲಸದ ಕ್ರಮ ತಿರುವುಮುರುವಾಗಿದೆ ಅಷ್ಟೆ. ಮೊದಲು ಘಮಕ್ಕೆ ಮರುಳಾಗುತ್ತಾರೆ, ದುಡ್ಡು ಕೊಟ್ಟಮೇಲೆ ಇದನ್ನು ಎಲ್ಲಿಗೆ ಹಾಕಿಕೊಂಡು ಹೋಗುವುದು ಎಂದು ಯೋಚಿಸುತ್ತಾರೆ. ಎರಡೂ ಬಾಟಲಿಯ ಸ್ವಭಾವ ಬೇರೆ ಬೇರೆಯಾಗಿದ್ದರಂತೂ ಹೀಗೆ ಆರಿಸಿದ್ದು ಸರಿಬಂದರೆ ಅದೃಷ್ಟ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವ ಜೋಡಿ ಪೇಟೆಯಲ್ಲಿ ಎಲ್ಲೆಡೆ ಸಿಗುವಂಥದ್ದು. ಮೊದಲನೆಯದು ನಿಂಬೆ, ಪುದೀನ, ಸಮುದ್ರದ ಗಾಳಿ ಬೆರೆತಂಥ ತಾಜಾ ಘಮ. ಸಿಕೆ ಒನ್, ಡೇವಿಡಾಫ್ ಕೂಲ್ ವಾಟರ್ ಈ ಬಳಗದವು. ಎರಡನೆಯದು ವೆನಿಲ್ಲಾ, ಗಂಧ, ಮರದ ಅಂಟು, ಪಚ್ಚೆತೆನೆ (ಪ್ಯಾಚೌಲಿ) ಬೆರೆತ ಗಾಢ ಘಮ. ಗೆರ್ಲಾನ್ ಶಾಲಿಮಾರ್, ಮುಗ್ಲರ್ ಏಂಜೆಲ್ ಈ ಕಡೆಯವು. ನಿಮ್ಮ ಕೈಯಲ್ಲಿರುವ ಜೋಡಿ ಬೇರೆಯಾದರೂ ಹಂತಗಳು ಇವೇ. ಮುಂದೆ ಸುಲಭಕ್ಕೆ ಒಂದನ್ನು ‘ತಾಜಾ’, ಇನ್ನೊಂದನ್ನು ‘ಗಾಢ’ ಎಂದು ಕರೆಯೋಣ.

ಬೇಕಾಗುವ ಸಾಮಾನು

ಎರಡೂ ಪರ್ಫ್ಯೂಮ್‌ಗಳ 2 ಮಿಲಿ ಸ್ಯಾಂಪಲ್ ತಲಾ ಒಂದು. ಒಂದು ಸಲ ಒತ್ತಿದರೆ ಹೆಚ್ಚುಕಡಿಮೆ 0.1 ಮಿಲಿ ಹೊರಬರುತ್ತದೆ; ಅಂದರೆ 2 ಮಿಲಿಯಲ್ಲಿ ಸುಮಾರು 20 ಸ್ಪ್ರೇ. ಇಡೀ ಪರೀಕ್ಷೆಗೆ ಇಷ್ಟು ಸಾಕಾಗಿ ಮಿಗುತ್ತದೆ. ಕೌಂಟರಿನಲ್ಲಿ ಸ್ಯಾಂಪಲ್ ಕೊಡದಿದ್ದರೆ ಆನ್‌ಲೈನ್‌ನಲ್ಲಿ ಕಂಪನಿಯೇ ಮಾರುವ ಸಣ್ಣ ಬಾಟಲಿ ತರಿಸಿ. ಅದಕ್ಕೆ ಕೊಡುವ ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಟ್ಟಲೆ ಕಳೆದುಕೊಳ್ಳಬೇಡಿ.

ಕಾಗದದ ಪಟ್ಟಿ ನಾಲ್ಕೈದು. ಅಂಗಡಿಯದು ಸಿಗದಿದ್ದರೆ ದಪ್ಪ ಡ್ರಾಯಿಂಗ್ ಹಾಳೆಯಿಂದ ಒಂದು ಸೆಂಟಿಮೀಟರ್ ಅಗಲ, ಹನ್ನೆರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಕೊಳ್ಳಿ. ವಿಸಿಟಿಂಗ್ ಕಾರ್ಡ್, ಮದುವೆಯ ಕರೆಯೋಲೆ ಬೇಡ. ಅವುಗಳ ನುಣುಪು ಮೈ ದ್ರವವನ್ನು ಹೀರುವುದಿಲ್ಲ.

ಇವಲ್ಲದೆ ಪರಿಮಳವಿಲ್ಲದ ಸೋಪು, ಪರಿಮಳವಿಲ್ಲದ ಮಾಯಿಶ್ಚರೈಸರ್, ಒಂದು ಪೆನ್ನು, ಅಲಾರಂ ಇಡಲು ಮೊಬೈಲು. ಮತ್ತೆ ಒಂದು ವಾರದ ತಾಳ್ಮೆ.

ಹಂತ 1: ಮೂಸುವ ಮೊದಲು ದಿನ ಎಣಿಸಿ

ಕ್ಯಾಲೆಂಡರ್ ತೆಗೆದು ಮುಂದಿನ ಮೂರು ತಿಂಗಳಲ್ಲಿ ಪರ್ಫ್ಯೂಮ್ ಹಾಕಿಕೊಳ್ಳುವ ಸಂದರ್ಭಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿಷಯ ಇರಲಿ: ಎಷ್ಟು ಹೊತ್ತು, ಒಳಗೋ ಹೊರಗೋ, ಪಕ್ಕದವರು ಎಷ್ಟು ಹತ್ತಿರ.

ವಾರಕ್ಕೆ ಐದು ದಿನ ಆಫೀಸಿಗೆ ಹೋಗುವವರಿಗೆ ಮೂರು ತಿಂಗಳಲ್ಲಿ ಸುಮಾರು 60 ದಿನ ಅದಕ್ಕೇ ಆಯಿತು. ಮದುವೆ, ಗೃಹಪ್ರವೇಶ, ಹುಟ್ಟುಹಬ್ಬದ ಊಟ ಎಲ್ಲ ಕೂಡಿದರೂ ಎಂಟು ಹತ್ತು ದಾಟುವುದು ಕಷ್ಟ. ಈ ಲೆಕ್ಕ ಕಣ್ಣೆದುರು ಇಲ್ಲದಿದ್ದರೆ, ಆ ಎಂಟು ದಿನದ ಘಮ ಅರವತ್ತು ದಿನದ ಘಮಕ್ಕಿಂತ ಚೆನ್ನಾಗಿದೆ ಅನಿಸಿ ಅದನ್ನೇ ದೊಡ್ಡ ಬಾಟಲಿಯಲ್ಲಿ ತಂದುಬಿಡುತ್ತೀರಿ.

ಇನ್ನೊಂದು ಗೊಂದಲ ಪರ್ಫ್ಯೂಮ್ ಡಬ್ಬದ ಮೇಲಿನ ಬರಹದಿಂದಲೇ ಹುಟ್ಟುತ್ತದೆ. ‘ಸಮಾರಂಭಕ್ಕೆ’, ‘ವಿಶೇಷ ಸಂದರ್ಭಕ್ಕೆ’ ಎಂದು ಗಾಢ ಘಮವನ್ನು ಮಾರುತ್ತಾರೆ. ಅವರ ಮನಸ್ಸಿನಲ್ಲಿರುವುದು ತಣ್ಣನೆಯ ದೇಶದ ರಾತ್ರಿ ಪಾರ್ಟಿ. ನಮ್ಮ ವಿಶೇಷ ಸಂದರ್ಭ ಬಹಳ ಸಲ ಬೆಳಗಿನ ಮುಹೂರ್ತ: ವೈಶಾಖದ ಬಿಸಿಲು, ತುಂಬಿದ ಛತ್ರ, ಹೋಮದ ಹೊಗೆ, ರೇಷ್ಮೆ ಸೀರೆಯೊಳಗಿನ ಬೆವರು, ಪಕ್ಕದಲ್ಲಿ ಕೂತವರ ಮುಡಿಯಲ್ಲಿ ಮೊಳಗಟ್ಟಲೆ ಮಲ್ಲಿಗೆ. ಅಲ್ಲಿ ವೆನಿಲ್ಲಾ-ಪಚ್ಚೆತೆನೆಯ ಘಮ ಅರ್ಧ ಗಂಟೆಯಲ್ಲಿ ತಲೆ ಹಿಡಿಯುತ್ತದೆ. ಗಾಢ ಘಮಕ್ಕೆ ತಕ್ಕ ಜಾಗ ಸಂಜೆಯ ಆರತಕ್ಷತೆ, ಅದರಲ್ಲೂ ಕಾರ್ತಿಕದಿಂದ ಮಾಘದವರೆಗಿನ ತಂಪು ತಿಂಗಳು. ಆದ್ದರಿಂದ ಪಟ್ಟಿಯಲ್ಲಿ ‘ಮದುವೆ’ ಎಂದು ಬರೆದು ಬಿಡಬೇಡಿ; ಮುಹೂರ್ತ ಬೇರೆ, ಆರತಕ್ಷತೆ ಬೇರೆ ಸಾಲು. ಮುಹೂರ್ತ ತಾಜಾ ಕಡೆಗೆ ಹೋಗುತ್ತದೆ.

ಹಂತ 2: ಡಬ್ಬದ ಮೇಲೆ ಏನಿದೆ ಓದಿ

ಇಡಿಟಿ, ಅಂದರೆ ಓ ಡ ಟ್ವಾಲೆಟ್‌ನಲ್ಲಿ ಸುಗಂಧ ತೈಲದ ಪಾಲು ಸಾಮಾನ್ಯವಾಗಿ ಶೇ. 5ರಿಂದ 15. ಇಡಿಪಿ, ಅಂದರೆ ಓ ಡ ಪರ್ಫ್ಯೂಮ್‌ನಲ್ಲಿ ಶೇ. 15ರಿಂದ 20. ಪರ್ಫ್ಯೂಮ್ ಅಥವಾ ಎಕ್ಸ್‌ಟ್ರೇ ಎಂದಿದ್ದರೆ ಅದಕ್ಕೂ ಮೇಲೆ. ಕೊಲೋನ್‌ನಲ್ಲಿ ಇನ್ನೂ ಕಡಿಮೆ, ಶೇ. 2ರಿಂದ 5. ಉಳಿದದ್ದು ಬಹುಪಾಲು ಆಲ್ಕೋಹಾಲ್, ಒಂದಿಷ್ಟು ನೀರು. ಇವು ರೂಢಿಯ ಅಂಕಿಗಳು, ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಾಗುತ್ತವೆ.

ಇಡಿಪಿ ಅಂದ ಮಾತ್ರಕ್ಕೆ ಹೆಚ್ಚು ದೂರ ಹರಡುತ್ತದೆ ಎಂದು ತಿಳಿಯಬೇಡಿ. ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದು ಒಂದು ಗುಣ, ಎಷ್ಟು ದೂರ ಮುಟ್ಟುತ್ತದೆ ಎನ್ನುವುದು ಇನ್ನೊಂದು. ಒಂದೇ ಹೆಸರಿನ ಇಡಿಟಿ, ಇಡಿಪಿಗಳಲ್ಲಿ ಒಳಗಿನ ಮಿಶ್ರಣವೇ ಬೇರೆ ಇರುವುದೂ ಉಂಟು. ಆದ್ದರಿಂದ ಇಡಿಟಿ ಪರೀಕ್ಷಿಸಿ ಇಡಿಪಿ ಕೊಳ್ಳುವುದು ಪರೀಕ್ಷಿಸದೆ ಕೊಂಡಂತೆಯೇ.

ಘಮಗಳ ಪಟ್ಟಿಯಿಂದ ಮಾತ್ರ ನಿಜಕ್ಕೂ ಉಪಯೋಗವಿದೆ; ಅದು ಸಾಮಾನ್ಯವಾಗಿ ಮೊದಲು ಹಾರುವುದರಿಂದ ಕೊನೆಗೆ ಉಳಿಯುವುದರವರೆಗೆ ಸಾಲಾಗಿರುತ್ತದೆ. ನಿಂಬೆ, ಕಿತ್ತಳೆ, ಬರ್ಗಮಾಟ್, ಪುದೀನ ಹಗುರ ಅಣುಗಳು; ಚರ್ಮದ ಬಿಸಿಗೆ ಬೇಗ ಹಾರುತ್ತವೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ತೆಳುವಾಗುತ್ತವೆ. ಗುಲಾಬಿ, ಮಲ್ಲಿಗೆ, ಲ್ಯಾವೆಂಡರ್, ಏಲಕ್ಕಿ ಒಂದೆರಡು ತಾಸು ಮುಂದಾಳತ್ವ ವಹಿಸುತ್ತವೆ. ವೆನಿಲ್ಲಾ, ಗಂಧ, ಪಚ್ಚೆತೆನೆ, ಲಾವಂಚ, ಮಸ್ಕ್ (ಕಸ್ತೂರಿಯಂಥ ಘಮ) ಭಾರದವು; ಬೆಳಗ್ಗೆ ಹಾಕಿದ್ದು ಸಂಜೆಯೂ ಇರುತ್ತದೆ. ಪಟ್ಟಿಯ ಕೊನೆಯ ಸಾಲೇ ನೀವು ದಿನದ ಬಹುಭಾಗ ಹೊತ್ತು ತಿರುಗುವ ಘಮ. ಮೊದಲ ಸಾಲಿನ ನಿಂಬೆಗೆ ಮನಸೋತು ದುಡ್ಡು ಕೊಡುವವರು ಇದನ್ನು ಮರೆಯುತ್ತಾರೆ.

ಪಟ್ಟಿಯಲ್ಲಿ ‘ಗಂಧ’ ಕಂಡಾಗ ನಮ್ಮವರು ಸಾಣೆಕಲ್ಲಿನ ಮೇಲೆ ತೇಯ್ದ ಗಂಧವನ್ನೋ ಮೈಸೂರು ಸ್ಯಾಂಡಲ್ ಸೋಪನ್ನೋ ನೆನೆಸಿಕೊಳ್ಳುತ್ತಾರೆ. ಈಗಿನ ಬಹುಪಾಲು ಪರ್ಫ್ಯೂಮ್‌ಗಳಲ್ಲಿ ಗಂಧದ ಕೆಲಸ ಮಾಡುವುದು ಪ್ರಯೋಗಾಲಯದ ಅಣುಗಳು, ಇಲ್ಲವೇ ಬೇರೆ ದೇಶದ ಗಂಧ. ಅದರಲ್ಲೇನೂ ಮೋಸವಿಲ್ಲ, ಆದರೆ ಘಮ ಬೇರೆ: ಹೆಚ್ಚು ಒಣಗಿದ್ದು, ಕೆಲವೊಮ್ಮೆ ಕೆನೆಹಾಲಿನಂಥದ್ದು. ಹೆಸರು ನೋಡಿ ಆಸೆ ಇಟ್ಟುಕೊಳ್ಳಬೇಡಿ.

ಹಂತ 3: ಕಾಗದದ ಮೇಲೆ, ತಳ್ಳಿಹಾಕುವುದಕ್ಕೆ ಮಾತ್ರ

1. ಪಟ್ಟಿಯ ತುದಿಗೆ ಹೆಸರು, ಹೊತ್ತು ಮೊದಲೇ ಬರೆಯಿರಿ. ಸ್ಪ್ರೇ ಆದಮೇಲೆ ಬರೆಯಲು ಹೋದರೆ ಶಾಯಿ ಹರಡುತ್ತದೆ, ಎರಡು ಪಟ್ಟಿ ಅದಲುಬದಲಾಗುವುದೂ ಆಗಲೇ.

2. ಹತ್ತು ಹದಿನೈದು ಸೆಂಟಿಮೀಟರ್ ದೂರದಿಂದ ಒಂದೇ ಸಲ ಒತ್ತಿ. ಪಟ್ಟಿ ತೊಟ್ಟಿಕ್ಕುವಷ್ಟು ನೆನೆಯಬಾರದು.

3. ಅರ್ಧ ನಿಮಿಷ ಗಾಳಿಗೆ ಬೀಸಿ. ತಕ್ಷಣ ಮೂಸಿದರೆ ಮೂಗಿಗೆ ಬಡಿಯುವುದು ಆಲ್ಕೋಹಾಲ್. ಕೆಲವರು ಅದನ್ನೇ ‘ಸ್ಟ್ರಾಂಗ್’ ಎಂದು ಮೆಚ್ಚುತ್ತಾರೆ.

4. ಪಟ್ಟಿಯನ್ನು ಮೂಗಿಗೆ ತಾಗಿಸದೆ ಎರಡು ಬೆರಳು ದೂರದಲ್ಲಿ ಹಿಡಿದು ಚಿಕ್ಕ ಚಿಕ್ಕ ಉಸಿರಿನಲ್ಲಿ ಮೂಸಿ. ಎರಡು ಮೂರು ಉಸಿರು ಸಾಕು.

5. ಮೊದಲು ತಾಜಾ, ಆಮೇಲೆ ಗಾಢ. ತಿರುಗಿಸಿ ಮಾಡಿದರೆ ಗಾಢದ ವೆನಿಲ್ಲಾ ಮೂಗಿನಲ್ಲಿ ಕೂತು ತಾಜಾ ನೀರು ನೀರಾಗಿ ಕಾಣುತ್ತದೆ.

6. ಪಟ್ಟಿಗಳನ್ನು ಬೇರೆ ಬೇರೆ ಪುಸ್ತಕದೊಳಗೆ ಇಟ್ಟು ಮರುದಿನ ಬೆಳಗ್ಗೆ ಮತ್ತೊಮ್ಮೆ ನೋಡಿ.

ಮೂಗು ದಣಿಯಿತು ಅನಿಸಿದರೆ ಅಂಗಡಿಯವರು ಕಾಫಿಬೀಜದ ಬಟ್ಟಲು ಮುಂದಿಡುತ್ತಾರೆ. ಕಾಫಿಯೂ ಒಂದು ಬಲವಾದ ಘಮವೇ. ಮಾಮೂಲು ಗಾಳಿ ಮಾಡುವುದಕ್ಕಿಂತ ಹೆಚ್ಚಿನದನ್ನೇನೂ ಅದು ಮಾಡದು. ಅಂಗಡಿಯಿಂದ ಹೊರಗೆ ಬಂದು ಐದು ನಿಮಿಷ ನಿಲ್ಲಿ, ಇಲ್ಲವೇ ನಿಮ್ಮದೇ ಅಂಗಿಯ ತೋಳನ್ನು ಮೂಸಿ.

ಕಾಗದದಿಂದ ತಿಳಿಯುವುದು ಒಂದೇ: ಇದು ನನಗೆ ಆಗಿಬರುವುದೇ ಇಲ್ಲ ಎನ್ನುವುದು. ಒಂದು ಪಟ್ಟಿ ಹತ್ತಿರ ತಂದಾಗಲೇ ಮುಖ ಕಿವುಚಿದರೆ ಆ ಬಾಟಲಿ ಅಲ್ಲಿಗೆ ಬಿಡಿ. ಎರಡೂ ಹಿಡಿಸಿದರೆ ಯಾವುದು ಮೇಲು ಎಂದು ಕಾಗದದ ಮೇಲೆ ತೀರ್ಮಾನಿಸಬೇಡಿ. ಕಾಗದಕ್ಕೆ ಮೈಬಿಸಿಯಿಲ್ಲ, ಬೆವರಿಲ್ಲ, ಜಿಡ್ಡಿಲ್ಲ. ಎಸಿ ಅಂಗಡಿಯ ತಂಪಿನಲ್ಲಿ ಕಾಗದದ ಮೇಲೆ ಗಾಢ ಘಮ ಬಹಳ ಸಲ ಗೆಲ್ಲುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಅದೇ ಘಮ ಮೈಮೇಲೆ ಹೇಗಿರುತ್ತದೆ ಎಂದು ಕಾಗದ ಹೇಳಲಾರದು.

ಹಂತ 4: ಎರಡು ಕೈ, ಒಂದು ದಿನ

ಇಡೀ ಕ್ರಮದಲ್ಲಿ ಮುಖ್ಯವಾದ ಹಂತ ಇದು. ಹೆಚ್ಚು ಜನ ತಪ್ಪುವುದೂ ಇಲ್ಲೇ.

ಆ ದಿನ ಪರಿಮಳವಿಲ್ಲದ ಸೋಪಿನಲ್ಲಿ ಸ್ನಾನ ಮಾಡಿ. ಡಿಯೋಡರೆಂಟ್, ಬಾಡಿ ಸ್ಪ್ರೇ, ಪರಿಮಳದ ತಲೆಎಣ್ಣೆ ಯಾವುದೂ ಬೇಡ. ಪರೀಕ್ಷೆ ಕೆಡುವುದಕ್ಕೆ ಮೊದಲ ಕಾರಣ ಡಿಯೋಡರೆಂಟೇ. ಕಂಕುಳಿನದು ಮಣಿಕಟ್ಟಿಗೆ ಏನು ಮಾಡೀತು ಎನಿಸಬಹುದು, ಆದರೆ ಮೂಗಿಗೆ ಎರಡೂ ಒಟ್ಟಿಗೇ ಬರುತ್ತವೆ. ನೆಗಡಿ ಇದ್ದರೆ ಪರೀಕ್ಷೆ ಮುಂದೂಡಿ. ಒಗ್ಗರಣೆ ಹಾಕುವ ಹೊತ್ತಿನಲ್ಲಿ ಅಡುಗೆಮನೆ ಕಡೆ, ಊದುಬತ್ತಿ ಹಚ್ಚಿದಾಗ ದೇವರಮನೆ ಕಡೆ ಸುಳಿಯಬೇಡಿ.

1. ಚರ್ಮ ಒಣಗಿದ್ದರೆ ಎರಡೂ ಮುಂಗೈಗೆ ಪರಿಮಳವಿಲ್ಲದ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿ ಹತ್ತು ನಿಮಿಷ ಬಿಡಿ. ಒಣ ಚರ್ಮದ ಮೇಲೆ ಯಾವ ಘಮವೂ ಬೇಗ ಹೋಗುತ್ತದೆ.

2. ಎಡಗೈಯ ಮೊಣಕೈ ಒಳಮಡಿಕೆಗೆ ತಾಜಾ, ಬಲಗೈಯದಕ್ಕೆ ಗಾಢ, ತಲಾ ಒಂದೇ ಸ್ಪ್ರೇ. ಮಣಿಕಟ್ಟೂ ಆಗಬಹುದು. ಆದರೆ ಕೈ ತೊಳೆಯುವಾಗಲೆಲ್ಲ ಅದು ನೆನೆಯುತ್ತದೆ, ವಾಚಿನ ಚರ್ಮದ ಪಟ್ಟಿಗೆ ಘಮ ಹತ್ತಿದರೆ ವಾರವಿಡೀ ಬಿಡುವುದಿಲ್ಲ.

3. ಉಜ್ಜಬೇಡಿ. ಎರಡು ಮಣಿಕಟ್ಟನ್ನು ತಿಕ್ಕುವ ಅಭ್ಯಾಸದಿಂದ ಬಿಸಿ ಹೆಚ್ಚಿ ಮೊದಲ ಘಮ ಬೇಗ ಹಾರುತ್ತದೆ. ಇಲ್ಲಿ ತಿಕ್ಕಿದರೆ ಎರಡೂ ಬೆರೆತು ಪರೀಕ್ಷೆಯೇ ಮುಗಿಯಿತು.

4. ಅಲಾರಂ ಇಡಿ: 10 ನಿಮಿಷ, 1 ಗಂಟೆ, 4 ಗಂಟೆ, 8 ಗಂಟೆ. ನಡುನಡುವೆ ಮೂಸುತ್ತಿರಬೇಡಿ, ಮೂಗು ಒಗ್ಗಿಹೋಗಿ ಏನೂ ಬರುತ್ತಿಲ್ಲ ಅನಿಸತೊಡಗುತ್ತದೆ.

5. ಪ್ರತಿ ಸಲವೂ ಎರಡೇ ಸಂಗತಿ ಬರೆಯಿರಿ: ಏನು ನೆನಪಾಯಿತು, ಇನ್ನೂ ಬೇಕೆನಿಸಿತೋ ಸಾಕೆನಿಸಿತೋ. ‘ಚೆನ್ನಾಗಿದೆ’ ಎಂದು ಬರೆದರೆ ನಾಳೆ ಅದರಿಂದ ಏನೂ ತಿಳಿಯುವುದಿಲ್ಲ. ‘ಮೋಸಂಬಿ ಸಿಪ್ಪೆ, ಆಮೇಲೆ ಹೊಸ ಸೋಪಿನ ಕಾಗದ’ ಎಂದು ಬರೆದರೆ ತಿಳಿಯುತ್ತದೆ.

ತೂಕ ಕೊಡಬೇಕಾದ್ದು ನಾಲ್ಕನೇ ಗಂಟೆಯ ಬರಹಕ್ಕೆ. ಹತ್ತನೇ ನಿಮಿಷದಲ್ಲಿ ಮೆಚ್ಚಿ ನಾಲ್ಕನೇ ಗಂಟೆಯಲ್ಲಿ ಬೇಸರಪಟ್ಟ ಘಮವನ್ನು ಕೊಳ್ಳಬೇಡಿ. ಅದು ನಿಮ್ಮೊಡನೆ ಇರುವುದು ಹತ್ತು ನಿಮಿಷವಲ್ಲ. ತಾಜಾ ಘಮ ನಾಲ್ಕನೇ ಗಂಟೆಗೆ ಬಹುಪಾಲು ಇಳಿದಿರುತ್ತದೆ. ಅದು ಆ ಜಾತಿಯ ಸ್ವಭಾವ, ಬಾಟಲಿ ಕೆಟ್ಟಿದೆ ಎಂದೇನಲ್ಲ. ನೋಡಬೇಕಾದ್ದು ಇಳಿದಮೇಲೆ ಉಳಿದ ಮಸ್ಕ್ ಹಿತವಾಗಿದೆಯೇ, ಅಥವಾ ಬಟ್ಟೆ ಸೋಪಿನ ಪುಡಿಯಂತೆ ಮೊಂಡಾಗಿದೆಯೇ ಎಂದು.

ಇಲ್ಲೊಂದು ವಿಚಿತ್ರವಿದೆ. ಕೆಲವು ಮಸ್ಕ್ ಅಣುಗಳು ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ನಿಮಗೆ ‘ಎರಡು ಗಂಟೆಯಲ್ಲಿ ಹೋಯಿತು’, ಮನೆಯವರಿಗೆ ‘ಇನ್ನೂ ಘಮ್ಮೆನ್ನುತ್ತಿದೆ’. ಆದ್ದರಿಂದ ನಾಲ್ಕನೇ ಗಂಟೆಗೆ ಇನ್ನೊಬ್ಬರ ಮೂಗೂ ಬೇಕು. ಅವರನ್ನು ‘ಹೇಗಿದೆ?’ ಎಂದು ಕೇಳಬೇಡಿ, ಮುಲಾಜಿಗೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ‘ನಿಂತಲ್ಲಿಂದ ಬರ್ತಿದೆಯಾ? ಯಾವ ಕೈಯಿಂದ?’ ಎಂದು ಕೇಳಿ.

ಅಪಾಯದ ಸೂಚನೆ: ಸ್ಪ್ರೇ ಬಿದ್ದಲ್ಲಿ ಕೆಂಪಗಾದರೆ, ತುರಿಸಿದರೆ, ಗುಳ್ಳೆ ಎದ್ದರೆ ಕೂಡಲೇ ಸೋಪು ನೀರಿನಲ್ಲಿ ತೊಳೆದು ಆ ಬಾಟಲಿಯನ್ನು ಪಟ್ಟಿಯಿಂದ ತೆಗೆಯಿರಿ. ಅಲರ್ಜಿ ಒಂದೆರಡು ದಿನ ತಡವಾಗಿಯೂ ಕಾಣಿಸಬಹುದು, ಹಾಗಾಗಿ ಮರುದಿನವೇ ಅಂಗಡಿಗೆ ಓಡಬೇಡಿ. ಹಿಂದೆ ಯಾವುದಾದರೂ ಪರ್ಫ್ಯೂಮ್ ಆಗಿಬಂದಿಲ್ಲವಾದರೆ ಅದರ ಡಬ್ಬದ ಮೇಲಿನ, ಅಲರ್ಜಿ ತರಬಲ್ಲ ಲಿಮೊನೀನ್, ಲಿನಾಲೂಲ್, ಜೆರಾನಿಯಾಲ್, ಕೂಮರಿನ್‌ನಂಥ ಹೆಸರುಗಳನ್ನು ಹೊಸ ಡಬ್ಬದ ಜೊತೆ ತಾಳೆ ನೋಡಿ. ಆಸ್ತಮಾ, ಮೈಗ್ರೇನ್ ಇರುವವರು ಗಾಢ ಘಮವನ್ನು ಮುಚ್ಚಿದ ಕೋಣೆಯಲ್ಲಿ ಪರೀಕ್ಷಿಸುವುದು ಬೇಡ.

ಹಂತ 5: ಒಂದೊಂದೇ, ಅದರದರ ಜಾಗದಲ್ಲಿ

ಎರಡು ಕೈ ಪರೀಕ್ಷೆ ಹೋಲಿಕೆಗೆ ಆಯಿತು. ಈಗ ಪ್ರತಿಯೊಂದನ್ನೂ ಒಂಟಿಯಾಗಿ, ಹಾಕಿಕೊಳ್ಳಬೇಕೆಂದಿರುವ ಜಾಗಕ್ಕೇ ಹಾಕಿಕೊಂಡು ಹೋಗಿ. ತಾಜಾ ಆಫೀಸಿಗೆ, ಗಾಢ ಸಂಜೆಯ ಒಂದು ಊಟಕ್ಕೋ ಆರತಕ್ಷತೆಗೋ. ಆರತಕ್ಷತೆ ಸಿಗದಿದ್ದರೆ ಜನ ತುಂಬಿದ ಹೋಟೆಲಿನ ರಾತ್ರಿ ಊಟವಾದರೂ ಸರಿ.

ಅಳತೆ ಮುಖ್ಯ. ತಾಜಾ ಇಡಿಟಿಗೆ ಮೂರು ಸ್ಪ್ರೇ: ಎದೆಗೊಂದು, ಕುತ್ತಿಗೆಯ ಹಿಂದೊಂದು, ಮೊಣಕೈ ಮಡಿಕೆಗೊಂದು. ಗಾಢ ಇಡಿಪಿಗೆ ಎರಡೇ, ಅದೂ ಬಟ್ಟೆಯೊಳಗಿನ ಎದೆಗೆ ಮತ್ತು ಕುತ್ತಿಗೆಯ ಹಿಂದಕ್ಕೆ. ಗಾಳಿಯಲ್ಲಿ ಹೊಡೆದು ಅದರೊಳಗೆ ನಡೆದುಹೋಗುವುದು ನೋಡಲು ಚೆಂದ. ಅರ್ಧಕ್ಕರ್ಧ ನೆಲದ ಪಾಲು. ಕಿಟಕಿ ಮುಚ್ಚಿದ ಆಫೀಸ್ ಕ್ಯಾಬ್, ಎಸಿ ಕೋಣೆಗಳಲ್ಲಿ ಅದೇ ಗಾಳಿ ಸುತ್ತುತ್ತಿರುತ್ತದೆ, ಅಲ್ಲಿ ತಾಜಾಕ್ಕೂ ಎರಡೇ ಸ್ಪ್ರೇ. ಆಸ್ಪತ್ರೆಗೆ, ಬಾಣಂತಿ ಕೋಣೆಗೆ, ಎಳೆಗೂಸನ್ನು ಎತ್ತಿಕೊಳ್ಳುವ ಕಡೆಗೆ ಎರಡೂ ಬೇಡ.

ಅಳತೆ ಸರಿಯಿದೆಯೇ ಎಂದು ತಿಳಿಯಲು ಕೈ ಚಾಚಿದಷ್ಟು ದೂರ ಸಾಕು. ಆಫೀಸಿನಲ್ಲಿ ಅಷ್ಟರ ಒಳಗೆ ಬಂದವರಿಗೆ ಮಾತ್ರ ತಾಗಬೇಕು. ನೀವು ಹೋದಮೇಲೂ ಲಿಫ್ಟಿನಲ್ಲಿ ಘಮ ನಿಂತಿದ್ದರೆ ಹೆಚ್ಚಾಯಿತು. ಪಕ್ಕದವರು ಕಿಟಕಿ ತೆರೆಯುವುದು, ಕುರ್ಚಿ ಸರಿಸುವುದು, ಸೀನುವುದು ಬಾಯಿಬಿಟ್ಟು ಹೇಳದ ದೂರುಗಳು. ನಿಮ್ಮ ಮೂಗು ಇಪ್ಪತ್ತು ನಿಮಿಷದಲ್ಲಿ ಒಗ್ಗಿಹೋಗಿರುತ್ತದೆ, ಆದ್ದರಿಂದ ‘ಬರುತ್ತಿಲ್ಲ’ ಎಂದು ಮಧ್ಯಾಹ್ನ ಮತ್ತೆ ಹೊಡೆದುಕೊಳ್ಳುವ ಮೊದಲು ಒಬ್ಬರನ್ನು ಕೇಳಿ.

ಊರಿನ ಹವೆಯೂ ಲೆಕ್ಕಕ್ಕೆ ಬರಬೇಕು. ಮಂಗಳೂರು, ಉಡುಪಿಯ ಸೆಕೆಯಲ್ಲಿ ಘಮ ದಟ್ಟವಾಗಿ ಮೈಸುತ್ತಲೇ ನಿಲ್ಲುತ್ತದೆ, ಸಿಹಿ ಘಮಗಳು ಅಂಟಂಟಾಗಿ ಬೆವರಿನ ಜೊತೆ ಸೇರಿ ಹುಳಿಯುತ್ತವೆ. ಅಲ್ಲಿ ಗಾಢವನ್ನು ಒಂದು ಸ್ಪ್ರೇ ಇಳಿಸಿ. ಕಲಬುರಗಿ, ಬಳ್ಳಾರಿಯ ಒಣ ಬಿಸಿಲಿಗೆ ತಾಜಾ ನೋಡನೋಡುತ್ತಲೇ ಹಾರುತ್ತದೆ. ಮಧ್ಯಾಹ್ನಕ್ಕೆ 5 ಮಿಲಿಯ ಸಣ್ಣ ಶೀಷೆ ಚೀಲದಲ್ಲಿರಲಿ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಎರಡಕ್ಕೂ ಅವಕಾಶವಿದೆ, ಅದಕ್ಕೇ ಅಲ್ಲಿಯವರಿಗೆ ಆಯ್ಕೆ ಹೆಚ್ಚು ಕಷ್ಟ.

ಮಲ್ಲಿಗೆ ಮುಡಿಯುವವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಅರಳಿದ ಮಲ್ಲಿಗೆಯ ಘಮದಲ್ಲಿ ಇಂಡೋಲ್ ಎಂಬ ಅಂಶವಿದೆ. ಹೂವಿಗೆ ಆ ಮಾಗಿದ, ತುಸು ಮಾಂಸಲವಾದ ಗಾಢತೆ ಬರುವುದು ಅದರಿಂದ. ಸಮುದ್ರದ ಗಾಳಿಯಂಥ ತಾಜಾ ಘಮದ ಪಕ್ಕದಲ್ಲಿ ಅದು ಒಡ್ಡೊಡ್ಡಾಗಿ, ಹಳಸಿದ ಹೂವಿನಂತೆ ತೋರುತ್ತದೆ. ನಿಂಬೆ ಮಾತ್ರದ ತಾಜಾ ಆದರೆ ಅಷ್ಟು ತೊಂದರೆಯಿಲ್ಲ. ಗಂಧ, ವೆನಿಲ್ಲಾಗಳ ಜೊತೆ ಮಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಗಾಢ ಬಾಟಲಿಯೊಳಗೇ ಮಲ್ಲಿಗೆಯೋ ಸುಗಂಧರಾಜವೋ ಇದ್ದರೆ ಮುಡಿಯ ಹೂವಿನೊಂದಿಗೆ ಪೈಪೋಟಿಗೆ ಬೀಳುತ್ತದೆ. ಉಡುಪಿ ಮಲ್ಲಿಗೆಯ ಒಂದು ಚೆಂಡು ಮುಡಿದ ದಿನ ಪರ್ಫ್ಯೂಮ್ ಒಂದೇ ಸ್ಪ್ರೇ ಸಾಕು, ಅದೂ ಕತ್ತಿನಿಂದ ಕೆಳಗೆ. ಹೂವೇ ಗೆಲ್ಲಲಿ.

ಸೀರೆ, ಒಡವೆ, ದೀಪ: ಈ ಮೂರರ ಎಚ್ಚರ ಇಲ್ಲೇ ಹೇಳಿಬಿಡಬೇಕು. ಪರ್ಫ್ಯೂಮ್ ಮೈಗೆ ಹಾಕಿ ಐದು ನಿಮಿಷ ಒಣಗಿದಮೇಲೆ ರೇಷ್ಮೆ ಉಡಿ. ರೇಷ್ಮೆಯ ಮೇಲೆ ನೇರ ಬಿದ್ದರೆ ಕಲೆ ನಿಲ್ಲುತ್ತದೆ, ಬೆಳ್ಳಿ ಎಳೆಯ ಜರಿ ಕಪ್ಪಿಡಬಹುದು. ಮುತ್ತಿನ ಸರ ಎಲ್ಲಕ್ಕಿಂತ ಕೊನೆಗೆ ಹಾಕಿಕೊಳ್ಳಿ, ಆಲ್ಕೋಹಾಲ್ ಮುತ್ತಿನ ಹೊಳಪು ತೆಗೆಯುತ್ತದೆ. ದೀಪ ಹಚ್ಚಿದ ಕೋಣೆಯಲ್ಲಿ, ಒಲೆಯ ಹತ್ತಿರ ಸ್ಪ್ರೇ ಮಾಡಬೇಡಿ. ಆಗಷ್ಟೇ ಹಾಕಿಕೊಂಡು ಆರತಿ ಹಿಡಿಯುವುದೂ ಬೇಡ. ಬಾಟಲಿಯಲ್ಲಿರುವುದು ಬಹುಪಾಲು ಉರಿಯುವ ದ್ರವ.

ಹಂತ 6: ಒಂದೇ ದಿನ ಎರಡೂ ಬೇಕಾದರೆ

ಬೆಳಗ್ಗೆ ಆಫೀಸಿಗೆ ತಾಜಾ, ಸಂಜೆ ಅಲ್ಲಿಂದಲೇ ಆರತಕ್ಷತೆಗೆ ಗಾಢ. ಇದು ಸಾಧ್ಯ, ಏಕೆಂದರೆ ಸಂಜೆಗೆ ತಾಜಾ ಬಹುಪಾಲು ಹೋಗಿರುತ್ತದೆ. ಕುತ್ತಿಗೆ, ಎದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಗಿ ಬದಲಿಸಿ ಗಾಢವನ್ನು ಒಂದು ಸ್ಪ್ರೇ ಹಾಕಿದರೆ ಆಯಿತು. ತಿರುಗಿ ಮಾಡಲಾಗದು: ರಾತ್ರಿಯ ಗಾಢ ಬೆಳಗಿನ ತಾಜಾದ ಕೆಳಗೆ ಹಾಗೆಯೇ ಇರುತ್ತದೆ, ಹತ್ತಿ ಬಟ್ಟೆಗೆ ಅಂಟಿದ ಮಸ್ಕ್ ಒಂದು ಒಗೆತಕ್ಕೂ ಜಗ್ಗುವುದಿಲ್ಲ. ಈ ಕಾರಣಕ್ಕೇ ಪರೀಕ್ಷೆಯ ದಿನಗಳಲ್ಲಿ ಒಗೆದ ಬೇರೆ ಬೇರೆ ಅಂಗಿ ಹಾಕಿ.

ಹಂತ 7: ಲೆಕ್ಕ ಹಾಕಿ ತೀರ್ಮಾನಿಸಿ

ಉದಾಹರಣೆಗೆ ತಾಜಾ 50 ಮಿಲಿಗೆ 4,000 ರೂಪಾಯಿ, ಗಾಢ 50 ಮಿಲಿಗೆ 7,000 ಎಂದಿಟ್ಟುಕೊಳ್ಳಿ. 50 ಮಿಲಿಯಲ್ಲಿ ಸುಮಾರು 500 ಸ್ಪ್ರೇ. ತಾಜಾ ಒಂದು ಸ್ಪ್ರೇಗೆ 8 ರೂಪಾಯಿ, ದಿನಕ್ಕೆ ಮೂರರಂತೆ 24 ರೂಪಾಯಿ. ಬಾಟಲಿ 160ಕ್ಕೂ ಹೆಚ್ಚು ಕೆಲಸದ ದಿನ, ಅಂದರೆ ಏಳೆಂಟು ತಿಂಗಳು ಬರುತ್ತದೆ. ಗಾಢ ಒಂದು ಸ್ಪ್ರೇಗೆ 14 ರೂಪಾಯಿ. ವರ್ಷಕ್ಕೆ ಇಪ್ಪತ್ತು ಸಂಜೆ, ಸಂಜೆಗೆ ಎರಡು ಸ್ಪ್ರೇ ಎಂದರೆ ವರ್ಷಕ್ಕೆ 40. ಆ 50 ಮಿಲಿ ಮುಗಿಯಲು ಹನ್ನೆರಡು ವರ್ಷ ಬೇಕು! ತೆರೆದ ಬಾಟಲಿ ಚೆನ್ನಾಗಿ ಇಟ್ಟರೂ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಮಾತ್ರ ನೆಚ್ಚಬಹುದು. ಅರ್ಧಕ್ಕಿಂತ ಹೆಚ್ಚು ಬಾಟಲಿ ಚೆಲ್ಲಲಿಕ್ಕೇ ಕೊಂಡಂತೆ.

ಹಾಗಾಗಿ ತೀರ್ಮಾನ ಹೀಗೆ ಸಾಗಲಿ. ಒಂದನೇ ಹಂತದ ಪಟ್ಟಿಯಲ್ಲಿ ಹೆಚ್ಚು ದಿನ ಯಾವ ಕಡೆಗಿದೆಯೋ ಅದನ್ನು ಹಿಡಿದು, ಅದರ ನಾಲ್ಕನೇ ಗಂಟೆಯ ಬರಹ ನೋಡಿ. ಅಲ್ಲಿ ‘ಸಾಕೆನಿಸಿತು’ ಎಂದು ಇಲ್ಲದಿದ್ದರೆ ಅದೇ ನಿಮ್ಮ ಬಾಟಲಿ, ಇನ್ನೊಂದು ಎಷ್ಟೇ ಮನಸ್ಸಿಗೆ ಹಿಡಿಸಿದ್ದರೂ. ಇನ್ನೊಂದನ್ನು ಬಿಡಲಾಗದಿದ್ದರೆ 10 ಮಿಲಿಯದು ತನ್ನಿ. ಅದರ ನೂರು ಸ್ಪ್ರೇ ಎರಡು ವರ್ಷದ ಸಮಾರಂಭಗಳಿಗೆ ಸಾಕು. ಹೆಚ್ಚು ದಿನದ ಘಮವೇ ನಾಲ್ಕನೇ ಗಂಟೆಯಲ್ಲಿ ಸೋತಿದ್ದರೆ ಗಾಢವನ್ನು ಆಫೀಸಿಗೂ ಹೊಂದಿಸಿಕೊಳ್ಳುತ್ತೇನೆ ಎಂದು ಹೊರಡಬೇಡಿ. ತಾಜಾ ಬಳಗದಲ್ಲೇ ಬೇರೊಂದನ್ನು ತಂದು ಮೂರನೇ ಹಂತದಿಂದ ಮತ್ತೆ ಶುರುಮಾಡಿ.

ಮನೆಯಿಂದಲೇ ಕೆಲಸ ಮಾಡುವವರ, ಹೊರಗೆ ಹೋಗುವುದೆಲ್ಲ ಸಂಜೆಯೇ ಆದವರ ಲೆಕ್ಕ ತಿರುಗಿ ಬೀಳುತ್ತದೆ, ಅವರಿಗೆ ಗಾಢವೇ ಸರಿ. ಆಲ್ಕೋಹಾಲ್ ಚರ್ಮಕ್ಕೆ ಆಗದವರು ಗಾಢ ಕಡೆಗೆ ಅತ್ತರನ್ನೂ ಯೋಚಿಸಬಹುದು. ಅದು ಎಣ್ಣೆ, ಮೈಗೆ ಹತ್ತಿರವೇ ಉಳಿಯುತ್ತದೆ, ಒಂದು ಹನಿ ಸಾಕು. ಆದರೆ ರೇಷ್ಮೆಗೆ ತಾಗಿದರೆ ಎಣ್ಣೆಕಲೆ.

ಹಂತ 8: ಕೊಳ್ಳುವಾಗ, ಇಡುವಾಗ

ಪರೀಕ್ಷಿಸಿದ್ದು ಯಾವುದೋ ಅದೇ ಹೆಸರು, ಅದೇ ಇಡಿಟಿ ಅಥವಾ ಇಡಿಪಿ ಎಂದು ಡಬ್ಬ ಕೈಗೆ ತೆಗೆದುಕೊಂಡು ಓದಿ. ಆಮದು ಮಾಲಾದರೆ ಆಮದುದಾರರ ಹೆಸರು-ವಿಳಾಸ, ಎಂಆರ್‌ಪಿ, ಎಷ್ಟು ಮಿಲಿ ಎಂಬ ಚೀಟಿ ಇರಲೇಬೇಕು. ಡಬ್ಬದ ತಳದ ಬ್ಯಾಚ್ ಸಂಖ್ಯೆ ಬಾಟಲಿಯ ತಳದ್ದಕ್ಕೆ ತಾಳೆಯಾಗಬೇಕು. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಸುಕ್ಕಾಗಿ ಅಂಟಿನ ಗೆರೆ ದಪ್ಪಗಿದ್ದರೆ, ಮುಚ್ಚಳ ಹಗುರಾಗಿ ಅಲ್ಲಾಡಿದರೆ, ಸ್ಪ್ರೇ ನುಣ್ಣಗೆ ಬರದೆ ಪಿಚಕಾರಿಯಂತೆ ಚಿಮ್ಮಿದರೆ ಅನುಮಾನಪಡಿ. ‘ಫಸ್ಟ್ ಕಾಪಿ’ ಎಂದು ಮಾರುವುದು ನಕಲಿಯೇ. ಬಿಲ್ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಬಿಚ್ಚಿದ ಪರ್ಫ್ಯೂಮ್ ವಾಪಸು ತೆಗೆದುಕೊಳ್ಳುವ ಅಂಗಡಿ ಅಪರೂಪ.

ಬಾಟಲಿಯನ್ನು ಅದರ ಡಬ್ಬದೊಳಗೇ, ಬಿಸಿಲು ಬೀಳದ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ. ಬಚ್ಚಲುಮನೆಯ ಕಪಾಟು ಬೇಡ, ಗೀಸರ್ ಹಾಕಿದಾಗಲೆಲ್ಲ ಅಲ್ಲಿ ಬಿಸಿ ಏರಿಳಿಯುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಅಂತೂ ಎರಡು ಬೇಸಿಗೆಯ ಕೆಲಸವನ್ನು ಎರಡು ವಾರದಲ್ಲಿ ಮಾಡಿ ಮುಗಿಸುತ್ತದೆ.

ಎರಡರಲ್ಲಿ ಮೊದಲು ಕೆಡುವುದು ತಾಜಾ. ನಿಂಬೆಯ ಅಂಶ ಗಾಳಿ, ಬಿಸಿಗೆ ಹಾಳಾಗಿ ಮೊದಲ ಉಸಿರಿನಲ್ಲೇ ಟರ್ಪೆಂಟೈನ್ ಅಥವಾ ಉಗುರುಬಣ್ಣದ ವಾಸನೆ ಬಂದರೆ, ಹತ್ತು ನಿಮಿಷ ಕಳೆದರೂ ಅದು ಹೋಗದಿದ್ದರೆ ಮೈಗೆ ಹಾಕಬೇಡಿ. ಗಾಢದ ಬಣ್ಣ ತಿಂಗಳು ಕಳೆದಂತೆ ಜೇನಿನಿಂದ ಕಾಫಿ ಡಿಕಾಕ್ಷನ್ ಕಡೆಗೆ ತಿರುಗಿದರೆ ಗಾಬರಿ ಬೇಡ. ವೆನಿಲ್ಲಿನ್ ಇರುವ ಪರ್ಫ್ಯೂಮ್ ಕಪ್ಪಾಗುವುದು ಸಹಜ. ಘಮ ಮೊದಲಿನಂತಿದ್ದರೆ ಹಾಕಿಕೊಳ್ಳಬಹುದು, ಬಿಳಿ ಅಂಗಿಯ ಮೇಲೆ ಮಾತ್ರ ಹೊಡೆಯಬೇಡಿ.